ಮೌಸ್ ಹೂಡಿಕೆದಾರರ ಕೈಗೆ ಕೊಟ್ಟೆ

ನಮ್ಮದು ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ ಸಾಫ್ಟ್‌ವೇರ್. ಹೂಡಿಕೆದಾರರ ಮುಂದೆ ಪಿಚ್ ಮಾಡುವಾಗ, ಅಂದರೆ ಹಣ ಹಾಕಿ ಅಂತ ಕೇಳುವಾಗ, ಮಾರುಕಟ್ಟೆ ಎಷ್ಟು ದೊಡ್ಡದು ಅಂತ ನಾನು ಶುರು ಮಾಡುವುದಿಲ್ಲ. ಮೊದಲ ಸ್ಲೈಡ್‌ನಲ್ಲಿ ಒಬ್ಬ ರಿಸೆಪ್ಷನಿಸ್ಟ್ ಇದ್ದಾಳೆ. ಎದುರಿಗೆ ರೋಗಿಗಳು, ಕೈಯಲ್ಲಿ ರಿಜಿಸ್ಟರ್, ಪಕ್ಕದಲ್ಲಿ ಒಂದೇ ಸಮ ಬಡಿದುಕೊಳ್ಳುವ ಫೋನ್. ಅಷ್ಟೇ.

ಎರಡನೆಯದು ಸ್ಲೈಡೇ ಅಲ್ಲ, ಫಿಗ್ಮಾ ಅನ್ನುವ ಡಿಸೈನ್ ಟೂಲ್‌ನಲ್ಲಿ ಮಾಡಿದ ಪ್ರೊಟೊಟೈಪ್, ಅಂದರೆ ಒತ್ತಿ ನೋಡಬಹುದಾದ ಮಾದರಿ. ಲ್ಯಾಪ್‌ಟಾಪ್ ಹೂಡಿಕೆದಾರರ ಕಡೆ ತಿರುಗಿಸಿ, "ಈಗ ಆ ಸೀಟಲ್ಲಿ ನೀವೇ ಕೂತಿದ್ದೀರಿ ಮೇಡಂ, ಫೋನ್ ತಗೊಳ್ಳಿ" ಅನ್ನುತ್ತೇನೆ. ಒಂದು ಕರೆ ತೆಗೆದುಕೊಳ್ಳುವಷ್ಟರಲ್ಲಿ ಮೂಲೆಯಲ್ಲಿ ಮಿಸ್ಡ್ ಕಾಲ್ ಸಂಖ್ಯೆ ಏರುತ್ತಾ ಹೋಗುತ್ತದೆ. ಇದಕ್ಕೆ ಕೋಡ್ ಬರೆಯಬೇಕಿಲ್ಲ. 'ಆಫ್ಟರ್ ಡಿಲೇ' ಅನ್ನುವ ಟ್ರಿಗರ್ ಹಾಕಿದರೆ ಸ್ವಲ್ಪ ಹೊತ್ತಿಗೆ ಮುಂದಿನ ಫ್ರೇಮ್ ತಾನಾಗಿ ಬರುತ್ತದೆ. ಎಷ್ಟೇ ಚುರುಕಾಗಿ ಒತ್ತಿದರೂ ಗೆಲ್ಲೋಕಾಗಲ್ಲ. ಬೇಕಂತಲೇ ಹಾಗೆ ಮಾಡಿದ್ದು! ಆಮೇಲೆ ಒಂದು ಬಟನ್. ಅದೇ ಬೆಳಿಗ್ಗೆ ಮತ್ತೆ ಶುರು, ಈ ಸಲ ನಮ್ಮ ಸಾಫ್ಟ್‌ವೇರ್ ಜೊತೆ. ತೆಗೆಯದ ಕರೆಗೆಲ್ಲ ಮೆಸೇಜ್ ಹೋಗಿ ಟೋಕನ್ ಬುಕ್ ಆಗುತ್ತದೆ. ಅಷ್ಟು ಹೊತ್ತು ನಾನು ಬಾಯಿ ಬಿಡುವುದಿಲ್ಲ. ಫೌಂಡರ್‌ಗಳಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ, ಅಲ್ವಾ?

ಲೆಕ್ಕದ ಭಾಗದಲ್ಲಿ ಎಳೆದು ಅಂಕಿ ಬದಲಿಸುವ ಒಂದೇ ಒಂದು ಸ್ಲೈಡರ್ ಇಟ್ಟಿದ್ದೇನೆ, ಚರ್ನ್‌ಗೆ, ಅಂದರೆ ಗ್ರಾಹಕರು ಬಿಟ್ಟು ಹೋಗುವ ಪ್ರಮಾಣಕ್ಕೆ. ತಿಂಗಳಿಗೆ ಶೇ 5ರಷ್ಟು ಗ್ರಾಹಕರು ಬಿಟ್ಟು ಹೋದರೆ ಒಬ್ಬ ಗ್ರಾಹಕ ಸರಾಸರಿ 20 ತಿಂಗಳು ಉಳಿಯುತ್ತಾನೆ. ಶೇ 2 ಆದರೆ 50 ತಿಂಗಳು. ಒಬ್ಬ ಹೂಡಿಕೆದಾರರು ಅದನ್ನು ಶೇ 10ಕ್ಕೆ ಎಳೆದರು. 10 ತಿಂಗಳು ಅಂತ ಬಂತು, ಕೆಳಗಿನ ಲಾಭದ ಗೆರೆ ಕೆಂಪಾಯಿತು. "ಹೀಗಾದರೆ ಏನು ಮಾಡ್ತೀರಿ?" ಅಂದರು. ನನಗೆ ಬೇಕಿದ್ದ ಪ್ರಶ್ನೆ ಅದೇ. ಸ್ಲೈಡರ್‌ನ ಕೆಟ್ಟ ತುದಿ ಕತ್ತರಿಸಿಟ್ಟಿದ್ದರೆ ಮಾತು ನಮ್ಮ ಅಂಕಿ ನಿಜವೋ ಸುಳ್ಳೋ ಅನ್ನುವಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಮಿಕ್ಕಿದ್ದು ಮಾಮೂಲಿ: ತಂಡ, ಬೆಲೆ, ಎಷ್ಟು ಹಣ ಬೇಕು. ಅಲ್ಲಿ ಅನಿಮೇಶನ್ ಹಾಕಬೇಡಿ, ಸುಮ್ನೆ ತಲೆನೋವು.

ಮೇಲ್‌ನಲ್ಲಿ ಮಾತ್ರ ಸಾದಾ ಪಿಡಿಎಫ್ ಕಳಿಸುತ್ತೇನೆ. 2015ರಲ್ಲಿ ಡಾಕ್‌ಸೆಂಡ್ ಅನ್ನುವ ಫೈಲ್ ಹಂಚುವ ಕಂಪನಿ 200 ಸ್ಟಾರ್ಟಪ್‌ಗಳ ಡೆಕ್‌ಗಳನ್ನು (ಪಿಚ್‌ನ ಸ್ಲೈಡ್‌ಗಳ ಕಟ್ಟು) ಗಮನಿಸಿದಾಗ, ಹೂಡಿಕೆದಾರರು ಒಂದು ಡೆಕ್‌ಗೆ ಕೊಟ್ಟ ಸರಾಸರಿ ಸಮಯ 3 ನಿಮಿಷ 44 ಸೆಕೆಂಡ್. ಅಷ್ಟರಲ್ಲಿ ಯಾರೂ ಪ್ರೊಟೊಟೈಪ್ ಲೋಡ್ ಆಗಲಿ ಅಂತ ಕಾಯುವುದಿಲ್ಲ. ಹಾಗಾಗಿ ಆ ಎರಡು ಬೆಳಿಗ್ಗೆಗಳನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಚಿತ್ರವಾಗಿ ಇಡುತ್ತೇನೆ. ಮೀಟಿಂಗ್‌ಗೆ ಹೋಗುವಾಗ ಇಡೀ ಡೆಮೊದ ಸ್ಕ್ರೀನ್ ರೆಕಾರ್ಡಿಂಗ್ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ, ನೆಟ್ ಕೈಕೊಟ್ಟರೆ ಅಂತ.