ಪಹಣಿ ನೋಡಲು ಇಷ್ಟು ಭಾರದ ತಂತ್ರಾಂಶ ಏಕೆ? (ನನ್ನ ಅನುಭವ)

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ತೋಟದ ಲೆಕ್ಕ, ಪಹಣಿ, ಆಧಾರ್ ಪ್ರತಿ ಎಲ್ಲಕ್ಕೂ ಇರುವುದು 4 ಜಿಬಿ ರ‍್ಯಾಮ್‌ನ ಒಂದೇ ಹಳೆಯ ಲ್ಯಾಪ್‌ಟಾಪ್. ಪಿಡಿಎಫ್ ತೆರೆಯುವ ತಂತ್ರಾಂಶ ಹೊಸ ಆವೃತ್ತಿಗೆ ಪಟ್ಟು ಹಿಡಿಯಿತು. ಇಳಿಸಬೇಕಾದದ್ದು ನೂರಾರು ಎಂಬಿ. ಮಲೆನಾಡಿನ ಮಳೆಗಾಲದ ಮೊಬೈಲ್ ಸಿಗ್ನಲ್ ನಂಬಿ ಆ ಕೆಲಸಕ್ಕೆ ಕೈಹಾಕುವವರ ತಾಳ್ಮೆ ದೊಡ್ಡದು.

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ನೋಡಿದರೆ, ನಾನು ತೆರೆಯದಿದ್ದರೂ ಅದರ ಸಹಾಯಕ ಪ್ರೋಗ್ರಾಂ ಯಂತ್ರದೊಂದಿಗೇ ಏಳುತ್ತಿತ್ತು. ತೆಗೆದುಹಾಕಿ ಸುಮಾತ್ರಾ ಪಿಡಿಎಫ್ ಹಾಕಿಕೊಂಡೆ. ಉಚಿತ, ಮುಕ್ತ ತಂತ್ರಾಂಶ; ಗಾತ್ರ ಕೆಲವೇ ಎಂಬಿ. ಪೋರ್ಟಬಲ್ ಆವೃತ್ತಿ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಪಾಸ್‌ವರ್ಡ್ ಇರುವ ಆಧಾರ್ ಪ್ರತಿಯೂ ತೆರೆಯಿತು.

ಕೊರತೆಯೂ ಇದೆ. ಡಿಜಿಟಲ್ ಸಹಿ ಅಸಲಿಯೇ ಎಂದು ಇದು ಪರಿಶೀಲಿಸುವುದಿಲ್ಲ, ಅರ್ಜಿ ನಮೂನೆ ತುಂಬಲೂ ಬಾರದು. ನಮೂನೆಗಳನ್ನು ಫೈರ್‌ಫಾಕ್ಸ್‌ನಲ್ಲಿ ತುಂಬುತ್ತೇನೆ. ಸಹಿ ಪರಿಶೀಲನೆ ನಿಮ್ಮ ನಿತ್ಯದ ಕೆಲಸವಾಗಿದ್ದರೆ ಭಾರದ ತಂತ್ರಾಂಶವನ್ನೇ ಅಪ್‌ಡೇಟ್ ಮಾಡಿ, ವಾದವೇ ಬೇಡ.

ಕೂಲಿ ಲೆಕ್ಕದ ಹಾಳೆಗಳಿಗೆ ಲಿಬ್ರೆ ಆಫೀಸ್ ಸಾಕಾಯಿತು. ಅದೇನೂ ಹಗುರವಲ್ಲ, ಆದರೆ ಚಂದಾ ಇಲ್ಲ. ಮ್ಯಾಕ್ರೋ (ಹಾಳೆಯೊಳಗೆ ಬರೆದಿಟ್ಟ ಸ್ವಯಂಚಾಲಿತ ಆಜ್ಞೆಗಳು) ಇರುವ ಕಡತಗಳು ಸರಿಯಾಗಿ ಓಡುತ್ತವೆಯೇ ಎಂದು ಮಾತ್ರ ಮೊದಲೇ ತೆರೆದು ಪರೀಕ್ಷಿಸಿ. ಯುನಿಕೋಡ್ (ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಕಡತಗಳಿಗೆ ಇಲ್ಲಿಯೂ ಆ ಫಾಂಟ್ ಬೇಕೇ ಬೇಕು.

ಬ್ರೌಸರ್ ವಿಷಯದಲ್ಲಿ ಅಪ್‌ಡೇಟ್ ಇಳಿಸದ ಈ ಜಿಪುಣತನ ಸಲ್ಲದು. ಭದ್ರತೆಯ ತೇಪೆಗಳು ಬರುವುದೇ ಅಪ್‌ಡೇಟ್‌ನಲ್ಲಿ. ಚಿಕ್ಕಮಗಳೂರಿಗೆ ಹೋದಾಗ ಒಳ್ಳೆಯ ವೈಫೈ ಸಿಕ್ಕಿದರೆ ಅಲ್ಲೇ ಮುಗಿಸಿಕೊಳ್ಳುತ್ತೇನೆ.