ಒಂದೇ ಪ್ಯಾನ್, ಸುಮಾರು ಒಂದು ಗಂಟೆ: ಕೋಳಿ ಒಣಗದೆ, ತರಕಾರಿ ಕರಗದೆ

ಕೋಳಿ, ತರಕಾರಿ ಎರಡನ್ನೂ ಒಂದೇ ಪ್ಯಾನಿನಲ್ಲಿ ಮಾಡುತ್ತೇನೆ ಅಂದಾಗಲೆಲ್ಲ ಸಿಕ್ಕ ಉತ್ತರ ಒಂದೇ: “ಕೋಳಿ ಬೇಯೋ ಹೊತ್ತಿಗೆ ತರಕಾರಿ ಗೊಜ್ಜಾಗಿರುತ್ತೆ ಬಿಡಿ.” ಮೊದಲ ಏಳೆಂಟು ಸಲ ಹಾಗೇ ಆಯಿತು, ಸುಳ್ಳೇಕೆ ಹೇಳಲಿ. ಈಗ ಆಗುವುದಿಲ್ಲ. ಹೆಚ್ಚುವುದಕ್ಕೆ 10 ನಿಮಿಷ, ಉಪ್ಪು ಹಿಡಿಯಲು 20, ಒಲೆಯ ಮೇಲೆ ಅರ್ಧ ಗಂಟೆಗಿಂತ ತುಸು ಹೆಚ್ಚು. ತೊಳೆಯಲು ಒಂದು ಪ್ಯಾನ್, ಹಲಗೆ, ಚಾಕು, ಎರಡು ತಟ್ಟೆ.

ಎಲ್ಲರೂ ಎಡವುವುದು ಒಂದೇ ಕಡೆ. ಪ್ಯಾನ್ ಒಂದೇ ಅಂತ ಎಲ್ಲವನ್ನೂ ಒಂದೇ ಸಲ ಸುರಿಯುತ್ತಾರೆ. ಕೋಳಿ ಮೊದಲು ಹೋಗಬೇಕು, ಬಣ್ಣ ಬಂದ ಕೂಡಲೇ ಅರೆಬೆಂದಿರುವಾಗಲೇ ತಟ್ಟೆಗೆ ಇಳಿಯಬೇಕು, ಕೊನೆಗೆ ಮತ್ತೆ ಬಂದು ತರಕಾರಿಯ ಹಬೆಯಲ್ಲಿ ಬೇಯಬೇಕು. ಹಸಿ ಮಾಂಸ ಇಟ್ಟಿದ್ದ ತಟ್ಟೆಗೇ ಇಳಿಸಬೇಡಿ, ಬೇರೆಯದು ತೆಗೆದುಕೊಳ್ಳಿ.

ಬ್ರೆಸ್ಟ್ ಪೀಸ್ ಬಿಟ್ಟು ತೊಡೆಗೆ ಬಂದ ಮೇಲೆ ಅರ್ಧ ತಲೆನೋವು ಹೋಯಿತು. ಬ್ರೆಸ್ಟಿನ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ದಾಟಿ ಸ್ವಲ್ಪ ಹೊತ್ತಾದರೆ ಸಾಕು, ಹತ್ತಿ ಅಗಿದ ಹಾಗೆ. ತೊಡೆ 80 ದಾಟಿದರೂ ಮೆತ್ತಗೇ ಇರುತ್ತದೆ, ಎರಡು ನಿಮಿಷ ಆಚೀಚೆಯಾದರೆ ಏನೂ ಆಗುವುದಿಲ್ಲ. ದುಡ್ಡಿನ ಮಾತಿಗೆ ಬಂದರೆ, ಮೂಳೆ ಬಿಡಿಸಿಟ್ಟದ್ದನ್ನು ಕೊಳ್ಳುವುದನ್ನು ನಿಲ್ಲಿಸಿದೆ. ಇಡೀ ಲೆಗ್ ತಂದು ಮೂಳೆಯ ಉದ್ದಕ್ಕೆ ಚಾಕು ಎಳೆದರೆ ಒಂದೊಂದಕ್ಕೆ 2 ನಿಮಿಷವೂ ಹಿಡಿಯುವುದಿಲ್ಲ, ಮೂಳೆ ಮರುದಿನದ ಸೂಪಿಗೆ ಆಗುತ್ತದೆ. ಹಣ ದಂಡವಾದದ್ದು ಪ್ಯಾನಿನಲ್ಲಿ. ತೆಳು ತಳದ ಎರಡು ನಾನ್‌ಸ್ಟಿಕ್ ಜೋರು ಉರಿಗೆ ಸಿಕ್ಕಿ ಪದರ ಎದ್ದುಹೋದವು. ಅವೆರಡರ ದುಡ್ಡು ಸೇರಿಸಿದ್ದರೆ ದಪ್ಪ ತಳದ ಸ್ಟೀಲ್ ಪ್ಯಾನ್ ಆವತ್ತೇ ಬರುತ್ತಿತ್ತು. ಅಗಲ 28 ಸೆಂಟಿಮೀಟರ್ ಇರಲಿ.

500 ಗ್ರಾಂ ಮಾಂಸಕ್ಕೆ ಉಪ್ಪು 7–8 ಗ್ರಾಂ, ಸುಮಾರು ಒಂದೂಕಾಲು ಟೀ ಚಮಚ. ತುಂಡು ಎರಡು ಬೆರಳಗಲ. ಉಪ್ಪು ಸವರಿ 20 ನಿಮಿಷ ಬಿಟ್ಟು, ಮೇಲೆ ಬಂದ ನೀರನ್ನು ಪೇಪರ್‌ನಿಂದ ಒತ್ತಿ ಒರೆಸಬೇಕು. ಈ ಒರೆಸುವುದನ್ನು ಬಿಟ್ಟವರಿಗೆ ಮುಂದಿನದೇನೂ ಕೆಲಸಕ್ಕೆ ಬರುವುದಿಲ್ಲ. ಮೈ ಒದ್ದೆಯಿದ್ದರೆ ಪ್ಯಾನಿನ ಬಿಸಿಯೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ, ಕೋಳಿ ಬಿಳಿಚಿಕೊಂಡು ಬೇಯುತ್ತದೆ, ಕಂದು ಬಣ್ಣ ಬರುವುದಿಲ್ಲ. ಮೊಸರು, ಮಸಾಲೆ ಕಲಸಿಟ್ಟು ಹಾಕಿದ್ದು ಇದೇ ಕಾರಣಕ್ಕೆ ಕೆಟ್ಟಿತು. ಮೊಸರು ನೀರು ಬಿಟ್ಟಿತು, ಮಸಾಲೆ ತಳ ಹಿಡಿದು ಸೀಯಿತು, ಆ ಕಹಿ ಕೊನೆಯ ತುತ್ತಿನವರೆಗೂ ಹೋಗಲಿಲ್ಲ.

ಪ್ಯಾನ್ ಕಾದಿದೆಯೋ ನೋಡಲು ನಾಲ್ಕು ಹನಿ ನೀರು ಚಿಮುಕಿಸಿ. ಚೊಂಯ್ ಅಂದು ಆರಿಹೋದರೆ ಇನ್ನೂ ಕಾಯಬೇಕು. ಮುತ್ತಿನ ಹಾಗೆ ಉರುಳಾಡಿದರೆ ಉರಿ ಒಂದು ಹದ ಇಳಿಸಿ, 2 ಚಮಚ ಎಣ್ಣೆ ಬಿಟ್ಟು, ತುಂಡಿಗೂ ತುಂಡಿಗೂ ಒಂದು ಬೆರಳು ಜಾಗ ಬಿಟ್ಟು ಜೋಡಿಸಿ. 500 ಗ್ರಾಂ ಅಂದರೆ ಎರಡು ಕಂತು. ಒಂದೇ ಕಂತಿಗೆ ತುರುಕಿದರೆ ಮತ್ತೆ ಹಬೆ, ಮತ್ತೆ ಬಿಳಿಚು. 4 ನಿಮಿಷ ಕೈ ಹಾಕಬೇಡಿ. ಬಣ್ಣ ಬಂದ ತುಂಡು ತಾನೇ ತಳ ಬಿಡುತ್ತದೆ. ಎಳೆದರೆ ಹರಿಯಿತು ಅಂದರೆ ಇನ್ನೂ ಹೊತ್ತಿದೆ. ಇನ್ನೊಂದು ಮಗ್ಗುಲು 2 ನಿಮಿಷ, ಆಮೇಲೆ ತಟ್ಟೆಗೆ.

ತಳದಲ್ಲಿ ಕಂದು ಪದರ ಉಳಿದಿರುತ್ತದೆ, ಉಜ್ಜಿ ತೆಗೆಯಬೇಡಿ, ರುಚಿಯೆಲ್ಲ ಅದರಲ್ಲೇ ಇದೆ. ಆ ಕೊಬ್ಬಿಗೇ ಕಾಲು ಕಿಲೋದಷ್ಟು ಆಲೂಗಡ್ಡೆ, ಒಂದು ದೊಡ್ಡ ಕ್ಯಾರೆಟ್, ಎರಡನ್ನೂ ಒಂದೂವರೆ ಸೆಂಟಿಮೀಟರ್ ತುಂಡು ಮಾಡಿ ಹಾಕಿ. ಮುಚ್ಚಳವಿಲ್ಲದೆ 6 ನಿಮಿಷ. ಆಮೇಲೆ ಅರ್ಧ ಲೋಟ ನೀರು ಹಾಕಿ, ಮರದ ಸೌಟಿನಿಂದ ತಳ ಕೆರೆದು, ಮುಚ್ಚಿ 5 ನಿಮಿಷ. ಈರುಳ್ಳಿ, ಬೀನ್ಸ್ ಸೇರಿಸಿ 3 ನಿಮಿಷ. ಕ್ಯಾಪ್ಸಿಕಂ, ಜಜ್ಜಿದ ಬೆಳ್ಳುಳ್ಳಿ ಹೋಗುವುದು ಕೊನೆಗೆ ಮತ್ತೆ ಬರುವ ಕೋಳಿಯ ಜೊತೆಗೆ. ಬೆಳ್ಳುಳ್ಳಿ ಮೊದಲೇ ಹೋದರೆ ಕರಿಕಾಗಿ ಕಹಿ ಬಿಡುತ್ತದೆ. ತರಕಾರಿಗೆ ಉಪ್ಪು ಬೀಳುವುದು ಆ ಅರ್ಧ ಲೋಟ ನೀರು ಹಾಕುವಾಗ ಮಾತ್ರ, ಅದಕ್ಕೂ ಮೊದಲಾದರೆ ನೀರೊಡೆದು ಮೆತ್ತಗಾಗುತ್ತದೆ. ಅಣಬೆ ಹಾಕುವವರು ಅದನ್ನು ಎಲ್ಲಕ್ಕಿಂತ ಮೊದಲು ಒಣ ಪ್ಯಾನಿನಲ್ಲಿ ಹುರಿದು ತೆಗೆದಿಡಿ.

ಕೋಳಿಯನ್ನು ತಟ್ಟೆಯಲ್ಲಿ ಇಳಿದ ರಸದ ಸಮೇತ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ 5 ನಿಮಿಷ. ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ ಚುಚ್ಚಿ. 74 ಡಿಗ್ರಿ ಬಾರದೆ ಇಳಿಸಬೇಡಿ. ಒಲೆ ಆರಿಸಿದ ಮೇಲೆ ಕಾಳುಮೆಣಸಿನ ಪುಡಿ, ನಿಂಬೆರಸ. ಕಬ್ಬಿಣದ ಬಾಣಲೆಯಾದರೆ ನಿಂಬೆ ಪ್ಯಾನಿಗೆ ಬೇಡ, ಲೋಹದ ರುಚಿ ಬರುತ್ತದೆ, ತಟ್ಟೆಗೇ ಹಿಂಡಿಕೊಳ್ಳಿ. ಈ ಹಂತದಲ್ಲಿ ಇನ್ನೊಂದು ಚಿಟಿಕೆ ಪುಡಿಯೂ ಬೀಳುತ್ತದೆ. ಅದರ ಹೆಸರು ಸದ್ಯಕ್ಕೆ ನನ್ನ ಡಬ್ಬಿಯಲ್ಲೇ ಇರಲಿ.

ಹಾದಿ ತಪ್ಪಿ ಮಾಡಿದ್ದು ಒಂದೆರಡಿವೆ. ಜೇನು ಸವರಿದ್ದು 3ನೇ ನಿಮಿಷಕ್ಕೇ ಸೀಯಿತು. ಬ್ರೆಸ್ಟ್ ತೆಳ್ಳಗೆ ಸೀಳಿ, 500 ಗ್ರಾಂಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಸವರಿ, 15 ನಿಮಿಷಕ್ಕೆ ತೊಳೆದು ಒರೆಸಿ ಹಾಕಿದ್ದು ನಿಜಕ್ಕೂ ಮೆತ್ತಗಾಯಿತು. ಸೋಡಾ ಹೆಚ್ಚಾದ ಸಲ ಸೋಪು ತಿಂದಂತಿತ್ತು. ಚರ್ಮವಿರುವ ತೊಡೆಯನ್ನು ತಣ್ಣನೆಯ ಪ್ಯಾನಿಗೆ ಚರ್ಮ ಕೆಳಗಾಗಿ ಇಟ್ಟು, ಉರಿ ಆಮೇಲೆ ಹಚ್ಚಿ 12–15 ನಿಮಿಷ ಬಿಟ್ಟದ್ದು ಮಾತ್ರ ಗೆದ್ದಿತು. ಎಣ್ಣೆಯೇ ಬೇಡ, ಇಳಿದ ಕೊಬ್ಬಿನಲ್ಲಿ ಆಲೂಗಡ್ಡೆ ಗರಿಗರಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.