ಮಂಚದಿಂದ ಚೆಂಬಿಗೆ ಎಷ್ಟು ದೂರ

ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಊರವರ ಬಾಯಲ್ಲಿ ವಿಆರ್‌ಡಬ್ಲ್ಯೂ. ಚಿಕ್ಕಂದಿನಲ್ಲೇ ಎಡಗಾಲಿಗೆ ಪೋಲಿಯೊ ಆಯಿತು. ಮೂರು ಚಕ್ರದ ಸ್ಕೂಟರಿನಲ್ಲಿ ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವಿನ ಹಳ್ಳಿಗಳನ್ನು ಸುತ್ತುತ್ತೇನೆ. ಅಂಗವಿಕಲರಿಗೆ ಯುಡಿಐಡಿ ಎಂಬ ಗುರುತಿನ ಕಾರ್ಡ್ ಮಾಡಿಸುವುದು, ಪಿಂಚಣಿ ನಿಂತವರಿಗಾಗಿ ನಾಡಕಚೇರಿಗೆ ಅಲೆಯುವುದು, ಗಾಲಿಕುರ್ಚಿಗೆ ಅರ್ಜಿ ಹಾಕಿಸುವುದು ನನ್ನ ಕೆಲಸ. ಇದಕ್ಕಾಗಿ ಮನೆಗಳ ಒಳಕೋಣೆಯವರೆಗೂ ಹೋಗುತ್ತೇನಲ್ಲ, ಹಾಗಾಗಿ ಜಗಲಿಯಲ್ಲಿ ಕೂತು ಎದ್ದು ಹೋಗುವ ನೆಂಟರಿಗೆ ಕಾಣದ್ದು ನನಗೆ ಕಾಣುತ್ತದೆ.

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಕಣ್ಣು ಕಾಣದ ಒಬ್ಬ ತಾತನ ಎರಡೂ ತೋಳಿನ ಒಳಮೈಯಲ್ಲಿ ಬೆರಳಚ್ಚಿನಂಥ ಕಪ್ಪು ಕಲೆಗಳಿದ್ದವು. ಬಿದ್ದರೆ ಮಂಡಿ, ಮೊಣಕೈ, ಹಣೆಗೆ ಪೆಟ್ಟಾಗುತ್ತದೆ. ತೋಳಿನ ಒಳಗಡೆ ಆಗುವುದಿಲ್ಲ. ಮಗ ಬಾಗಿಲಲ್ಲೇ ನಿಂತಿದ್ದಾಗ, "ಇದೇನು ತಾತ, ಯಾರು ಹೊಡೆದ್ರು?" ಅಂತ ಕೇಳಿಬಿಟ್ಟೆ. "ಎಮ್ಮೆ ಎಳ್ಕೊಂಡೋಯ್ತು ಕಣಪ್ಪ" ಅಂದರು. ಮುಂದಿನ ಸಲ ಹೋದರೆ ತಾತ ಮಗಳ ಮನೆಗೆ ಹೋಗಿದ್ದಾರೆ ಎಂದರು. ಅದರ ಮುಂದಿನ ಸಲವೂ ಅದೇ ಉತ್ತರ. ನಾನು ನಂಬಿದೆ. ಐದು ತಿಂಗಳ ಮೇಲೆ ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ, ಸೊಂಟದ ಕೆಳಗೆಲ್ಲ ಹುಣ್ಣು. ಮನೆ ಬಿಟ್ಟು ಅವರು ಎಲ್ಲಿಗೂ ಹೋಗಿರಲಿಲ್ಲ. ನನ್ನ ಒಂದು ಪ್ರಶ್ನೆಯಿಂದಾಗಿ ಅವರನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ್ದರು. ಆಮೇಲೆ ಮನೆಯವರ ಎದುರು ಆ ಮಾತನ್ನು ನಾನು ಎತ್ತಿಲ್ಲ.

ಈಗ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಅವರು ಸೊಸೆಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಬಿಪಿ ನೋಡುತ್ತಾರೆ. ಮಗನನ್ನು ರೇಷನ್ ಕಾರ್ಡ್ ಜೆರಾಕ್ಸ್ ಮಾಡಿಸಿಕೊಂಡು ಬಾ ಅಂತ ಕಳಿಸುತ್ತೇನೆ. ನನಗೆ ಸಿಗುವುದು ಹತ್ತು ನಿಮಿಷ. "ಹೊಡೀತಾರಾ, ಬೈತಾರಾ?" ಎಂದು ಕೇಳಿದರೆ ಯಾವ ತಾಯಿಯೂ ಮಗನನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೆ "ಬೆಳಗ್ಗೆ ಏನು ತಿಂದೆ ಅಜ್ಜಿ? ರಾತ್ರಿ ಬಾಯಾರಿದರೆ ಯಾರನ್ನ ಕೂಗ್ತೀಯ? ಪಿಂಚಣಿ ದುಡ್ಡಲ್ಲಿ ಕಡೇ ಸಲ ಏನು ತಗೊಂಡೆ?" ಎನ್ನುತ್ತೇನೆ. ಅವರು ಮಾತಾಡುವಷ್ಟು ಹೊತ್ತು ಮಂಚದಿಂದ ನೀರಿನ ಚೆಂಬು ಎಷ್ಟು ದೂರ ಇದೆ, ಉಗುರು ಎಷ್ಟು ಬೆಳೆದಿದೆ, ನಾಲಿಗೆ ಒಣಗಿದೆಯೇ ಎಂದು ನೋಡುತ್ತಿರುತ್ತೇನೆ. ಪಾಸ್‌ಬುಕ್ ಸಿಕ್ಕರೆ ಮೊದಲು ತಾರೀಕು ನೋಡುತ್ತೇನೆ. ಎದ್ದು ಓಡಾಡಲಾಗದವರ ಖಾತೆಯಿಂದ, ದುಡ್ಡು ಬಿದ್ದ ದಿನವೇ ಎಟಿಎಂನಲ್ಲಿ ಪೂರ್ತಿ ತೆಗೆದಿದ್ದರೆ ಬಾಯಿಬಿಟ್ಟು ಕೇಳಬೇಕಾದ್ದೇ ಇಲ್ಲ.

ಹೀಗೆ ಕೂತಾಗಲೇ ಒಬ್ಬ ಅಜ್ಜಿ ಹೇಳಿದ್ದು. ತೊಡೆಯ ಮೂಳೆ ಮುರಿದು ಎರಡು ವರ್ಷದಿಂದ ಮಲಗಿದ್ದವರು. ಹಾಸಿಗೆ ಕೊಟ್ಟಿಗೆಯ ಪಕ್ಕ, ಚೆಂಬು ಅಷ್ಟು ದೂರದ ಗೂಡಿನಲ್ಲಿ. "ನೀರು ಕುಡುದ್ರೆ ಒಂದಕ್ಕೆ ಬತ್ತದೆ, ಬಳಿಯೋರ್ಯಾರು ಅಂತ ಕೊಡಲ್ಲ ಕಣಪ್ಪ. ಮುದ್ದೇನೂ ಒಂದೊತ್ತೇಯ." ಇದು ಆ ಒಂದು ಮನೆಯ ಮಾತಲ್ಲ. ಕಕ್ಕಸು ಕಡಿಮೆ ಆಗಲೆಂದು ಊಟ, ನೀರು ಕಡಿಮೆ ಮಾಡುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಬಹಳ ಜನ ಇದನ್ನು ಹಿಂಸೆ ಎಂದು ಎಣಿಸುವುದೇ ಇಲ್ಲ. ಕಾನೂನು ಎಣಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ಪ್ರಕಾರ, ಅಂಗವಿಕಲರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಬೇಕೆಂದೇ ಅನ್ನ ನೀರು ಕೊಡದಿದ್ದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಅಂಥದ್ದು ನಡೆಯುತ್ತಿದೆ ಎಂದು ಗೊತ್ತಾದ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಮ್ಮ ತಹಶೀಲ್ದಾರರಿಗೆ, ತಿಳಿಸಬಹುದು ಎಂದು 7ನೇ ಕಲಮು ಹೇಳುತ್ತದೆ.

ನನಗೆ ಅವತ್ತೇ ದೂರು ಬರೆಯುವಷ್ಟು ಸಿಟ್ಟು ಬಂದಿತ್ತು. ಆದರೂ ಕೇಳಿದೆ: "ನಿನಗೆ ಏನಾಗಬೇಕು ಅಜ್ಜಿ?" ಮಗನನ್ನು ಜೈಲಿಗೆ ಹಾಕಿಸುವುದು ಅವರಿಗೆ ಬೇಡ. ವೃದ್ಧಾಶ್ರಮವೂ ಬೇಡ. "ನಡುಮನೇಲಿ ಮಲಗಿಸ್ಲಿ. ಚೆಂಬು ಕೈಗೆ ಸಿಗಂಗಿರ್ಲಿ. ನನ್ ದುಡ್ಡು ನನ್ ಕೈಗ್ ಬರ್ಲಿ, ಮೊಮ್ಮಗೀಗೆ ಒಂದ್ ಬಿಸ್ಕತ್ ಪೊಟ್ಟಣ ತಗೊಡಕ್ಕೆ." ಆ ಮೂರು ಮಾತನ್ನು ಅವರು ಹೇಳಿದ ಹಾಗೆಯೇ ಡೈರಿಯಲ್ಲಿ ಬರೆದುಕೊಂಡು, ತಾರೀಕು ಹಾಕಿದೆ. ಆಶಾ ಕಾರ್ಯಕರ್ತೆಯ ಸಹಿಯನ್ನೂ ಹಾಕಿಸಿದೆ. ಮುಂದೆ ನಾವು ಹಾಕಿದ ಅರ್ಜಿಯಲ್ಲಿ ಕೇಳಿದ್ದು ಆ ಮೂರನ್ನೇ.

ಅರ್ಜಿ ಹಾಕಿದ್ದು ಉಪವಿಭಾಗಾಧಿಕಾರಿಗಳಿಗೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಅವರ ಕಚೇರಿಯೇ ನ್ಯಾಯಮಂಡಳಿ. ವಕೀಲರು ಬೇಕಿಲ್ಲ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿದ ಬೇರೆಯವರು ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶ ಮಾಡಬಹುದು. ನೋಟಿಸ್ ಕೊಟ್ಟ 90 ದಿನದೊಳಗೆ ಅದು ತೀರ್ಮಾನವಾಗಬೇಕು. ವಿಚಾರಣೆಗೆ ಮೊದಲು ಸಂಧಾನಕ್ಕೂ ಅವಕಾಶವಿದೆ. ಅಜ್ಜಿಯ ಹೆಬ್ಬೆಟ್ಟು ಒತ್ತಿಸುವ ಮುನ್ನ ಅರ್ಜಿಯನ್ನು ಎರಡು ಸಲ ಓದಿ ಹೇಳಿದೆ. ಯಾಕೆಂದರೆ 2016ರಲ್ಲಿ ಇದೇ ಹೆಬ್ಬೆಟ್ಟನ್ನು, ಯಾರೂ ಓದಿ ಹೇಳದೆ, ಮಗನ ಹೆಸರಿಗೆ ಬರೆದ ದಾನಪತ್ರದ ಮೇಲೆ ಒತ್ತಿಸಿದ್ದರು. ಒಂದೂವರೆ ಎಕರೆ ತೋಟ. "ಸಾಲಕ್ಕೆ ಅಂದಿದ್ದ" ಎಂದರು ಅಜ್ಜಿ.

ಆ ಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಎಂದಿತ್ತೇ ಹೊರತು ಕೊನೆತನಕ ನೋಡಿಕೊಳ್ಳಬೇಕೆಂಬ ಸಾಲು ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಓದುವವರ ಮನೆಯಲ್ಲೂ ನಾಳೆ ಇಂಥ ಪತ್ರ ಬರೆಸಬಹುದು. 2007ರ ಕಾಯ್ದೆಯ 23ನೇ ಕಲಮಿನಡಿ ಆಸ್ತಿ ವಾಪಸ್ ಬರಬೇಕಾದರೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು, ಕಾಯ್ದೆಯನ್ನು ಹಿರಿಯರ ಕಡೆಗೆ ಉದಾರವಾಗಿ ಓದಬೇಕು ಎಂದು ಮಧ್ಯಪ್ರದೇಶದ ತಾಯಿಯೊಬ್ಬರು ಮಗನಿಗೆ ಕೊಟ್ಟಿದ್ದ ದಾನಪತ್ರವನ್ನು ರದ್ದು ಮಾಡಿತು. ಆ ಪ್ರಕರಣದಲ್ಲಿ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಪತ್ರವೊಂದಿತ್ತು. ಕೋರ್ಟು ಹತ್ತುವ ಕಷ್ಟ ಯಾಕೆ? ಪತ್ರ ಬರೆಸುವಾಗಲೇ ಆ ಒಂದು ಸಾಲು ಸೇರಿಸಿ. ನಮ್ಮ ತಾಲ್ಲೂಕಿನ ಪತ್ರ ಬರಹಗಾರರಲ್ಲಿ ಮೂವರಿಗೆ ಇದನ್ನು ಕೂತು ಹೇಳಿದ್ದೇನೆ. ಇಬ್ಬರು ಈಗ ತಾವಾಗಿಯೇ ಕೇಳುತ್ತಾರೆ.

ಸಂಧಾನದ ದಿನ ಮಗ ಕೂಗಾಡಿದ. ಸೊಸೆ ಅತ್ತಳು. ಅವಳು ಬೆಳಗ್ಗೆ ಆರಕ್ಕೆ ಕೂಲಿಗೆ ಹೋಗಿ ಬಂದು, ಒಬ್ಬಳೇ ಅತ್ತೆಯನ್ನು ಹೊರಳಿಸಿ ಬಟ್ಟೆ ಒಗೆಯಬೇಕು. ಎರಡು ವರ್ಷದಲ್ಲಿ ಮಗ ಒಂದು ದಿನವೂ ಕೈ ಹಚ್ಚಿರಲಿಲ್ಲ. ನೀರು ಕೊಡದೇ ಇದ್ದದ್ದು ಅವಳೇ, ಅದು ತಪ್ಪೇ. ಆದರೆ ಎಟಿಎಂ ಕಾರ್ಡು ಜೇಬಲ್ಲಿಟ್ಟುಕೊಂಡವನನ್ನೂ ಅವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರಲಿಲ್ಲ. ಕಾರ್ಡು ಅಜ್ಜಿಯ ಕೈಗೆ ಬಂತು. ಮಗ ತಿಂಗಳಿಗೆ 2,500 ಕೊಡುವುದು, ಮಗಳು ವಾರಕ್ಕೆರಡು ದಿನ ಬರುವುದು ಎಂದು ಬರೆದಾಯಿತು. ಮಂಚ ನಡುಮನೆಗೆ ಬಂತು. ಬೆಡ್‌ಪ್ಯಾನ್ ಇಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಸೊಸೆಗೆ ಆಶಾ ಕಾರ್ಯಕರ್ತೆ ತೋರಿಸಿಕೊಟ್ಟರು. ಅಲ್ಲಿಯವರೆಗೆ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಎಲ್ಲ ಕಡೆ ಹೀಗೆ ರಾಜಿ ಆಗುವುದಿಲ್ಲ. ಬುದ್ಧಿಮಾಂದ್ಯತೆ ಇರುವ ಒಬ್ಬ ಯುವಕನನ್ನು ನೆಂಟರೊಬ್ಬರು ಬರಿ ಊಟಕ್ಕೆ ವರ್ಷಗಟ್ಟಲೆ ದುಡಿಸಿಕೊಂಡು, ಪಿಂಚಣಿಯನ್ನೂ ತಿನ್ನುತ್ತಿದ್ದರು. ಅಲ್ಲಿ ನಾನು ಸಂಧಾನಕ್ಕೆ ಕೂರಲಿಲ್ಲ; ನೇರ ತಹಶೀಲ್ದಾರರಿಗೆ ಬರೆದೆ. ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಯ ಮೂಲಕ ಅವನ ಅಕ್ಕನನ್ನು ಕಾನೂನುಬದ್ಧ ಪೋಷಕರನ್ನಾಗಿ ಮಾಡಿಸಿದೆವು. ಈಗ ಅಕ್ಕನ ಮನೆಯಲ್ಲಿದ್ದಾನೆ.

ದೂರದ ಊರಲ್ಲಿದ್ದು ಇಂಥದ್ದು ಗೊತ್ತಾದವರು 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಸಹಾಯವಾಣಿ, ದುಡ್ಡು ಕಟ್ಟಬೇಕಿಲ್ಲ.

ಅಜ್ಜಿಯ ಮನೆಗೆ ಈಗಲೂ ತಿಂಗಳಿಗೊಮ್ಮೆ, ಹೇಳದೆ ಕೇಳದೆ ಹೋಗುತ್ತೇನೆ. ಹೋದ ವಾರ ಹೋದಾಗ ಚೆಂಬು ಮಂಚದ ಬಲಗಡೆಗಿತ್ತು. "ಎಡಗಡೀಕ್ ಇಡು, ಬಲಗೈ ನೋಯ್ತದೆ" ಎಂದು ಅಜ್ಜಿ ಸೊಸೆಯನ್ನು ಗದರಿದರು. ಸೊಸೆ ಗೊಣಗುತ್ತಲೇ ತಂದು ಎಡಗಡೆಗೆ ಇಟ್ಟಳು.